ಸ್ಟೀರಿಂಗಿನ ಬೋಲ್ಟು: ಬಿಗಿಯುವುದಕ್ಕೂ ಒಂದು ಅಳತೆಯುಂಟು



ಮೆಕ್ಕೆಜೋಳ ಮುರಿದು ಒಕ್ಕಣೆಗೆ ತೊಡಗುವ ಕಾಲ ಬಂತೆಂದರೆ ಚಿತ್ರದುರ್ಗ, ಹೊಳಲ್ಕೆರೆ ಕಡೆಯ ರಸ್ತೆಗಳಲ್ಲಿ ಹಗಲು ಇರುಳೆನ್ನದೆ ಟ್ರ್ಯಾಕ್ಟರುಗಳು ಓಡಾಡುತ್ತವೆ. ಹಿರಿಯೂರಿನ ಈರುಳ್ಳಿ, ಹೊಸದುರ್ಗದ ರಾಗಿ ಮತ್ತು ತೆಂಗು, ಹೊಳಲ್ಕೆರೆಯ ಅಡಿಕೆ, ಇವೆಲ್ಲ ಮಾರುಕಟ್ಟೆಯ ದಾರಿ ಹಿಡಿಯುವುದು ಬಹುಮಟ್ಟಿಗೆ ಟ್ರೇಲರಿನ ಮೇಲೆಯೇ. ಹೊಲದ ಬದುವಿನಿಂದ ಬಂಡಿದಾರಿಗೆ, ಬಂಡಿದಾರಿಯಿಂದ ಡಾಂಬರು ರಸ್ತೆಗೆ, ಅಲ್ಲಿಂದ ಪುಣೆ–ಬೆಂಗಳೂರು ಹೆದ್ದಾರಿಗೆ ಏರುವ ಈ ಪ್ರಯಾಣದಲ್ಲಿ ಅಷ್ಟು ಹೇರನ್ನೂ ದಾರಿಯಲ್ಲಿ ಇರಿಸುವುದು ಚಾಲಕನ ಕೈಯಲ್ಲಿರುವ ಸ್ಟೀರಿಂಗ್ ಚಕ್ರ. ಆ ಚಕ್ರವನ್ನು ಮುಂದಿನ ಗಾಲಿಗಳಿಗೆ ಸೇರಿಸಿ ಹಿಡಿದಿರುವುದು ಕೆಲವೇ ಬೋಲ್ಟುಗಳು, ಕೆಲವೇ ನಟ್ಟುಗಳು.

ಇಂಜಿನ್ನಿನ ಎಣ್ಣೆ ಎಷ್ಟಿದೆಯೆಂದು ನಾವು ನೋಡುತ್ತೇವೆ. ಟೈರಿನ ಗಾಳಿ ನೋಡುತ್ತೇವೆ. ಈ ಬೋಲ್ಟುಗಳನ್ನು ಮಾತ್ರ ವಿಚಾರಿಸುವವರು ಕಡಿಮೆ. ಸ್ಟೀರಿಂಗನ್ನು ಬಿಚ್ಚಿ ರಿಪೇರಿ ಮಾಡಿದ ಮೇಲೆ ಅವನ್ನು ಸರಿಯಾಗಿ ಬಿಗಿಯುವುದು ಹೇಗೆ ಎಂಬುದನ್ನು ಈ ಸಂಚಿಕೆಯಲ್ಲಿ ತಿಳಿಸಬೇಕೆಂದಿದ್ದೇನೆ. ಅದಕ್ಕೆ ಮೊದಲು ನನ್ನಿಂದಲೇ ಆದ ಒಂದು ತಪ್ಪನ್ನು ಹೇಳಿಬಿಡುವುದು ಒಳ್ಳೆಯದು.

ನಾಲ್ಕು ಬೋಲ್ಟುಗಳ ಕಥೆ

ನನ್ನ ಸೋದರಮಾವನವರ ಊರು ಹೊಳಲ್ಕೆರೆ ತಾಲ್ಲೂಕಿನಲ್ಲಿದೆ. ಎರಡು ವರ್ಷಗಳ ಹಿಂದೆ ಅವರ ಟ್ರ್ಯಾಕ್ಟರಿನ ಸ್ಟೀರಿಂಗ್ ಬಾಕ್ಸಿನಿಂದ ಎಣ್ಣೆ ಸೋರತೊಡಗಿತ್ತು. ಮೆಕ್ಯಾನಿಕ್ಕು ಬಂದು ಬಾಕ್ಸನ್ನು ಇಳಿಸಿ, ಸೀಲು ಬದಲಿಸಿ, ಮತ್ತೆ ಕೂರಿಸಿದ. ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಹಿಡಿಸುವ ಹೊತ್ತಿಗೆ ಬೇರೆ ಊರಿನಿಂದ ಕರೆ ಬಂತು. “ಇನ್ನೇನಿಲ್ಲ, ನೀವೇ ಬಿಗಿದ್ಕಳ್ರಿ” ಎಂದು ಹೊರಟುಹೋದ. ಸಂಜೆಯಾಗಿತ್ತು. ಬ್ಯಾಟರಿ ಹಿಡಿದು ನಿಂತವನು ನಾನು. ಕೈಗೆ ಚೆನ್ನಾಗಿ ಸಿಕ್ಕುತ್ತಿದ್ದ ಒಂದು ಬೋಲ್ಟಿಗೆ ಮಾವನವರು ಸ್ಪ್ಯಾನರು ಹಾಕಿದರು. ಸ್ಪ್ಯಾನರಿನ ತುದಿಗೆ ಸೇರಿಸಲು ನೀರಿನ ಕಬ್ಬಿಣದ ಪೈಪನ್ನು ತಂದುಕೊಟ್ಟವನೂ ನಾನೇ. “ಇನ್ನೊಂಚೂರು ಎಳೀರಿ ಮಾವ, ಬಿಗಿ ಇದ್ದಷ್ಟೂ ಒಳ್ಳೇದು” ಎಂದು ಹೇಳಿದವನೂ ನಾನೇ. ಎರಡನೆಯ ಬೋಲ್ಟು ಎಲ್ಲೋ ಬಿದ್ದುಹೋಗಿತ್ತು. ಮನೆಯ ಡಬ್ಬದಲ್ಲಿದ್ದ, ಅದೇ ದಪ್ಪದ ಇನ್ನೊಂದನ್ನು ಹಾಕಿದೆವು. ಉಳಿದೆರಡು ಸಂದಿಯಲ್ಲಿದ್ದುದರಿಂದ ಗಿಡ್ಡ ಸ್ಪ್ಯಾನರಿನಲ್ಲಿ ಸಿಕ್ಕಷ್ಟು ತಿರುಗಿಸಿ ಸುಮ್ಮನಾದೆವು.

ಹನ್ನೊಂದನೆಯ ದಿನ, ಜೋಳದ ಚೀಲ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ, ತಿರುವಿನಲ್ಲಿ ಮಾವನವರು ಚಕ್ರ ತಿರುಗಿಸಿದರು. ಮುಂದಿನ ಗಾಲಿಗಳು ತಿರುಗಲಿಲ್ಲ. ಕಂಬವೂ ಬಾಕ್ಸೂ ಕೂತ ಜಾಗದಿಂದ ಎದ್ದು ವಾಲಿದವು. ಟ್ರ್ಯಾಕ್ಟರು ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು, ಹಿಂದಿನಿಂದ ಟ್ರೇಲರು ನೂಕಿತು. ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಅವರ ಕಿರಿಯ ಮಗ ಕೆಳಗೆ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಹುಡುಗನ ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ಆ ವರ್ಷದ ಪರೀಕ್ಷೆಗೆ ಅವನು ಕೂರಲಾಗಲಿಲ್ಲ. ಇಂದಿಗೂ ಮಳೆಗಾಲದಲ್ಲಿ ಕಾಲು ನೋಯುತ್ತದೆ ಎನ್ನುತ್ತಾನೆ.

ಮರುದಿನ ಹೋಗಿ ಬೋಲ್ಟುಗಳನ್ನು ಹುಡುಕಿ ತೆಗೆದೆ. ಪೈಪು ಹಾಕಿ ಬಿಗಿದದ್ದು ನಡುವೆ ಸಣ್ಣಗೆ ಎಳೆದುಕೊಂಡು ತುಂಡಾಗಿತ್ತು. ಡಬ್ಬದಿಂದ ತೆಗೆದು ಹಾಕಿದ್ದು ಕೊಡತಿ ಏಟು ತಿಂದ ಗೂಟದಂತೆ ಬಾಗಿತ್ತು. ಸಂದಿಯಲ್ಲಿದ್ದ ಎರಡರಲ್ಲಿ ಒಂದು ದಾರಿಯಲ್ಲೇ ಎಲ್ಲೋ ಕಳಚಿಹೋಗಿತ್ತು. ಇನ್ನೊಂದರ ತೂತು ಉಜ್ಜಿ ಉಜ್ಜಿ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಒಂದು ಅತಿಯಾಗಿ, ಎರಡು ಸಾಲದೆ, ಒಂದು ತರವಲ್ಲದ ಬೋಲ್ಟಾಗಿ ಕೆಟ್ಟಿದ್ದವು. ನಾಲ್ವರು ಹೊರಬೇಕಾದ ಹೊರೆಯನ್ನು ಒಬ್ಬನ ಹೆಗಲಿಗೆ ಹಾಕಿ ಕಳಿಸಿದಂತೆ ನಾವು ಮಾಡಿದ್ದೆವು.

ಬೋಲ್ಟು ಹಿಡಿಯುವುದು ಹೇಗೆ?

ಬೋಲ್ಟು ಎಂದರೆ ಗೂಟ, ತೂತಿನಲ್ಲಿ ಕೂತು ಎರಡು ಭಾಗಗಳನ್ನು ತಡೆಯುತ್ತದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅದು ಕೆಲಸ ಮಾಡುವ ರೀತಿ ಬೇರೆ. ಹುಲ್ಲಿನ ಬಂಡಿಗೆ ಹಗ್ಗ ಹಾಕಿ ಜಗ್ಗಿ ಕಟ್ಟುವುದನ್ನು ನೆನೆಯಿರಿ. ಹಗ್ಗ ಸೆಟೆದು ನಿಂತಿರುವಷ್ಟು ಹೊತ್ತು ಹುಲ್ಲು ಅಲುಗದು. ಹಗ್ಗ ಸಡಿಲಾದರೆ ಮೊದಲು ಹೊರೆ ಆಡತೊಡಗುತ್ತದೆ, ಆಡುತ್ತ ಆಡುತ್ತ ಹಗ್ಗವೂ ಸವೆಯುತ್ತದೆ. ಬೋಲ್ಟೂ ಹೀಗೆಯೇ. ನಟ್ಟನ್ನು ತಿರುಗಿಸಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ತನ್ನ ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು.

ಆ ಹಿಡಿತ ಎಷ್ಟು ದೊಡ್ಡದೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಕಿರುಬೆರಳಿನಷ್ಟು ದಪ್ಪದ, 10 ಮಿಲಿಮೀಟರಿನ ಒಳ್ಳೆಯ ಉಕ್ಕಿನ ಬೋಲ್ಟೊಂದನ್ನು ಸರಿಯಾಗಿ ಬಿಗಿದರೆ ಅದು ಸುಮಾರು ಎರಡೂವರೆ ಟನ್ನಿನಷ್ಟು ಬಲದಿಂದ ಒತ್ತಿ ಹಿಡಿಯುತ್ತದೆ. 50 ಕಿಲೋಗ್ರಾಮಿನ 50 ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ ಭಾರ ಅದು. ಅಂಥ ನಾಲ್ಕು ಬೋಲ್ಟು ಸಮನಾಗಿ ಬಿಗಿದ ಬಾಕ್ಸು ಅಲುಗುವುದಿಲ್ಲ.

ಬಿಗಿ ಸಾಲದಿದ್ದರೆ ಬಾಕ್ಸು ಪ್ರತಿ ಕುಲುಕಿಗೂ ಕೂದಲೆಳೆಯಷ್ಟು ಜಾರುತ್ತದೆ. ಬೋಲ್ಟು ಆಚೆಗೊಮ್ಮೆ ಈಚೆಗೊಮ್ಮೆ ಬಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನಾವು ಕೈಯಲ್ಲೇ ಮುರಿಯುತ್ತೇವಲ್ಲವೇ? ಬೋಲ್ಟು ಮುರಿಯುವುದೂ ಹಾಗೆಯೇ, ನಿಧಾನವಾಗಿ.

ಬಿಗಿ ಅತಿಯಾದರೆ ಉಕ್ಕು ತನ್ನ ಮಿತಿಯನ್ನು ಮೀರಿ ಹಿಗ್ಗುತ್ತದೆ. ಹಾಗೆ ಹಿಗ್ಗಿದ್ದು ಮತ್ತೆ ಮೊದಲಿನಂತಾಗದು, ಅದರ ಹಿಡಿತ ನಂಬಲು ಬಾರದು. ಇಲ್ಲವೇ ಎರಕದ ಬಾಕ್ಸಿನೊಳಗಿನ ತಿರುಪಿನ ಎಳೆಗಳೇ, ಮೆಕ್ಯಾನಿಕ್ಕುಗಳು ತ್ರೆಡ್ಡು ಎನ್ನುವವು, ಕಿತ್ತುಬರುತ್ತವೆ.

ಬಿಗಿಯನ್ನು ಅಳೆಯುವುದು ಹೇಗೆ?

ತೋಳಿನ ಬಲ ಒಬ್ಬೊಬ್ಬರದು ಒಂದೊಂದು ತೆರ. ಆದುದರಿಂದ ಕಾರ್ಖಾನೆಯವರು ಪ್ರತಿಯೊಂದು ಬೋಲ್ಟಿಗೂ ಬಿಗಿಯ ಅಳತೆಯನ್ನು ಗೊತ್ತುಮಾಡಿರುತ್ತಾರೆ. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಅಥವಾ ಕಂಪೆನಿಯ ಸರ್ವಿಸ್ ಕೇಂದ್ರದಲ್ಲಿ ಅದು ಸಿಕ್ಕುತ್ತದೆ. ಹಳೆಯ ಕೈಪಿಡಿಗಳಲ್ಲಿ ಕಿಲೋಗ್ರಾಂ ಮೀಟರ್ ಎಂದೂ, ಈಚಿನವುಗಳಲ್ಲಿ ನ್ಯೂಟನ್ ಮೀಟರ್ ಎಂದೂ ಬರೆದಿರುತ್ತದೆ. 1 ಕಿಲೋಗ್ರಾಂ ಮೀಟರ್ ಎಂದರೆ ಸುಮಾರು 10 ನ್ಯೂಟನ್ ಮೀಟರ್. ಒಂದು ಮೀಟರು ಉದ್ದದ ಸ್ಪ್ಯಾನರಿನ ತುದಿಯನ್ನು 1 ಕಿಲೋ ಭಾರದಷ್ಟು ಎಳೆದರೆ ಬೋಲ್ಟಿಗೆ ಬೀಳುವ ಬಿಗಿ 1 ಕಿಲೋಗ್ರಾಂ ಮೀಟರ್. ಏತದ ಮರ ಉದ್ದವಾದಷ್ಟೂ ನೀರೆತ್ತುವ ಬಲ ಹೆಚ್ಚಾಗುವ ಲೆಕ್ಕವೇ ಇದು.

ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ ಬೋಲ್ಟುಗಳನ್ನು ಎಣ್ಣೆಯಿಲ್ಲದೆ ಒಣಗಿದ ಸ್ಥಿತಿಯಲ್ಲಿ ಬಿಗಿಯುವ ಸಾಮಾನ್ಯ ಅಳತೆ ಹೀಗಿದೆ. 8 ಮಿ.ಮೀ. ದಪ್ಪದ್ದಕ್ಕೆ ಸುಮಾರು 2.5 ಕಿಲೋಗ್ರಾಂ ಮೀಟರ್. 10 ಮಿ.ಮೀ. ದಪ್ಪದ್ದಕ್ಕೆ ಸುಮಾರು 5. 12 ಮಿ.ಮೀ. ದಪ್ಪದ್ದಕ್ಕೆ ಸುಮಾರು 8.5. ಇದು ಅಂದಾಜು ತಿಳಿಯುವುದಕ್ಕೆ ಮಾತ್ರ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಸಂಖ್ಯೆಯಿದ್ದರೆ ಆ ಸಂಖ್ಯೆಯೇ ಸರಿ.

ಈಗ ನಾನು ತಂದುಕೊಟ್ಟ ಪೈಪಿನ ಲೆಕ್ಕ ನೋಡಿ. ಒಂದು ಮೀಟರಿನ ಪೈಪಿನ ತುದಿಯಲ್ಲಿ ಗಟ್ಟಿಮುಟ್ಟಾದ ಆಳು 40 ಕಿಲೋ ಬಲ ಬಿಟ್ಟರೆ ಬೋಲ್ಟಿನ ಮೇಲೆ ಬೀಳುವುದು 40 ಕಿಲೋಗ್ರಾಂ ಮೀಟರ್. ಬೇಕಾದದ್ದು 5. ಎಂಟರಷ್ಟು! ಅಷ್ಟನ್ನು ತಡೆಯದೆ ಬೋಲ್ಟು ಎಷ್ಟೋ ಮೊದಲೇ ಹಿಗ್ಗಿ ಕೆಟ್ಟಿತ್ತು, ನಮಗೆ ಕಾಣಲಿಲ್ಲ ಅಷ್ಟೆ.

ಬಿಗಿಯ ಅಳತೆಗೆಂದೇ ಟಾರ್ಕ್ ರೆಂಚು ಎಂಬ ಉಪಕರಣವುಂಟು. ಬೇಕಾದ ಸಂಖ್ಯೆಗೆ ಅದನ್ನು ತಿರುಗಿಸಿಟ್ಟು ಬಿಗಿದರೆ, ಆ ಅಳತೆ ಮುಟ್ಟಿದಾಗ ಟಕ್ಕೆಂದು ಸದ್ದು ಮಾಡುತ್ತದೆ. ಚಿತ್ರದುರ್ಗದ ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ನೀವೆಲ್ಲ ಕಂಡಿದ್ದೀರಿ. ಅಂಥ ಗೋಪುರಗಳ ತುಂಡುಗಳನ್ನು ಕೂಡಿಸುವುದೂ ಬೋಲ್ಟುಗಳಿಂದಲೇ. ಅವನ್ನು ಅಳತೆಯ ಯಂತ್ರಗಳಿಂದ ಬಿಗಿದು, ಮತ್ತೆ ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ. ಆಕಾಶದೆತ್ತರದ ಯಂತ್ರಕ್ಕೆ ಇರುವ ಈ ಕ್ರಮ ನಮ್ಮ ಟ್ರ್ಯಾಕ್ಟರಿಗೂ ಬೇಕು. ನಾಲ್ಕಾರು ಮನೆಯವರು ಕೂಡಿ ಒಂದು ಟಾರ್ಕ್ ರೆಂಚು ಕೊಂಡಿಟ್ಟುಕೊಂಡರೆ ಊರಿಗೇ ಸಾಕು.

ರೆಂಚು ಇಲ್ಲದ ಕಡೆ ಒಂದು ಸುಲಭೋಪಾಯವಿದೆ. ಚೀಲ ತೂಗುವ ಕೊಕ್ಕೆಯ ಸ್ಪ್ರಿಂಗ್ ತ್ರಾಸು ಅನೇಕರ ಮನೆಯಲ್ಲಿದೆ. ಸ್ಪ್ಯಾನರನ್ನು ಬೋಲ್ಟಿಗೆ ಹಾಕಿ, ಬೋಲ್ಟಿನ ನಡುವಿನಿಂದ 25 ಸೆಂಟಿಮೀಟರು ಅಳೆದು ಅಲ್ಲಿ ದಾರ ಕಟ್ಟಿ ತ್ರಾಸಿನ ಕೊಕ್ಕೆ ಸಿಕ್ಕಿಸಿರಿ. ಬಡಗಿಯ ಮೂಲೆಮಟ್ಟ ಇಟ್ಟಂತೆ ಸ್ಪ್ಯಾನರಿಗೆ ನೇರ ಅಡ್ಡವಾಗಿ, ಜಗ್ಗದೆ, ನಿಧಾನವಾಗಿ ಎಳೆಯಿರಿ. ತ್ರಾಸಿನ ಮುಳ್ಳು 20 ಕಿಲೋ ತೋರಿದಾಗ ಬೋಲ್ಟಿನ ಮೇಲೆ 5 ಕಿಲೋಗ್ರಾಂ ಮೀಟರ್ ಬಿಗಿ ಬಿದ್ದಿರುತ್ತದೆ. ಲೆಕ್ಕ ಇಷ್ಟೆ: ಬೇಕಾದ ಕಿಲೋಗ್ರಾಂ ಮೀಟರನ್ನು 100ರಿಂದ ಗುಣಿಸಿ, ದಾರ ಕಟ್ಟಿದ ದೂರದ ಸೆಂಟಿಮೀಟರಿನಿಂದ ಭಾಗಿಸಿದರೆ ಎಳೆಯಬೇಕಾದ ಕಿಲೋ ಸಿಕ್ಕುತ್ತದೆ. 8.5 ಬೇಕಿದ್ದು ದೂರ 40 ಸೆಂಟಿಮೀಟರು ಇದ್ದರೆ ಸುಮಾರು 21 ಕಿಲೋ ಎಳೆಯಬೇಕು. ಇದು ಟಾರ್ಕ್ ರೆಂಚಿನಷ್ಟು ಕರಾರುವಾಕ್ಕಲ್ಲ. ಆದರೆ ಕಣ್ಣಂದಾಜಿಗಿಂತ ಎಷ್ಟೋ ಮೇಲು.

ಕೆಲಸಕ್ಕೆ ಮೊದಲು

ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಟ್ರೇಲರು ಬಿಚ್ಚಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡಿರಿ. ಇಂಜಿನ್ನು ನಿಲ್ಲಿಸಿ ಕೀಲಿಕೈಯನ್ನು ಜೇಬಿನಲ್ಲಿ ಹಾಕಿಕೊಳ್ಳಿರಿ. ಸ್ಟೀರಿಂಗ್ ಕಂಬದ ಬಳಿ ಹಾರನ್ನಿನ, ದೀಪದ ತಂತಿಗಳಿರುವುದರಿಂದ ಬ್ಯಾಟರಿಯ ಒಂದು ತಂತಿಯನ್ನು ಕಳಚಿಡುವುದು ಕ್ಷೇಮ. ಮಕ್ಕಳನ್ನು ದೂರವಿಡಿರಿ.

ಬಿಚ್ಚುವಾಗ ಯಾವ ಬೋಲ್ಟು ಯಾವ ತೂತಿನದೆಂದು ಗುರುತಿರಲಿ. ಉದ್ದದ್ದು ಗಿಡ್ಡದ್ದರ ಜಾಗಕ್ಕೆ ಹೋದರೆ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯೆನಿಸಿದರೂ ಭಾಗಗಳನ್ನು ಹಿಡಿದಿರುವುದಿಲ್ಲ. ಒಂದು ರಟ್ಟಿನಲ್ಲಿ ಬಾಕ್ಸಿನ ಚಿತ್ರ ಬರೆದು, ಬೋಲ್ಟುಗಳನ್ನು ಆಯಾ ಜಾಗದಲ್ಲೇ ಚುಚ್ಚಿಟ್ಟರೆ ತಪ್ಪಾಗದು. ಡ್ರಾಪ್ ಆರ್ಮನ್ನು, ಅಂದರೆ ಬಾಕ್ಸಿನಿಂದ ಹೊರಗೆ ಇಳಿಬಿದ್ದಿರುವ ತೋಳನ್ನು, ತೆಗೆಯುವುದಾದರೆ ಅದಕ್ಕೂ ಅದರ ದಂಡಕ್ಕೂ ಸೇರುವಂತೆ ಒಂದು ಗೆರೆ ಕೊರೆಯಿರಿ. ಮತ್ತೆ ಗೆರೆಗೆ ಗೆರೆ ಕೂಡಿಸದಿದ್ದರೆ ಚಕ್ರ ನೆಟ್ಟಗಿರುವಾಗ ಗಾಲಿ ಸೊಟ್ಟಗಿರುತ್ತದೆ, ಒಂದು ಕಡೆಗೆ ತಿರುಗುವುದೂ ಕಡಿಮೆಯಾಗುತ್ತದೆ.

ಬಿಗಿಯುವ ಕ್ರಮ

ಮೊದಲನೆಯದಾಗಿ, ಬೋಲ್ಟನ್ನೂ ತೂತನ್ನೂ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತಂತಿ ಬ್ರಷ್ಷಿನಿಂದ ತೊಳೆದು ಚೆನ್ನಾಗಿ ಒರೆಸಿ ಒಣಗಿಸಿರಿ. ಬಾಕ್ಸು ಕೂರುವ ಮುಖದ ಮೇಲಿನ ಮಣ್ಣು, ಹಳೆಯ ಬಣ್ಣ, ತುಕ್ಕನ್ನು ಕೆರೆದು ತೆಗೆಯಿರಿ. ಇಂದು ಬಣ್ಣದ ಮೇಲೆ ಬಿಗಿದದ್ದು ನಾಳೆ ಬಣ್ಣ ಉದುರಿದಾಗ ಸಡಿಲವಾಗುತ್ತದೆ.

ಎರಡನೆಯದಾಗಿ, ಬೋಲ್ಟನ್ನು ಪರೀಕ್ಷಿಸಿರಿ. ನಡುವೆ ಸಣ್ಣಗಾದದ್ದು, ಎಳೆ ಸವೆದದ್ದು, ಬಾಗಿದ್ದು, ತುಕ್ಕು ತಿಂದದ್ದು ಬೇಡ. ಹೊಸದನ್ನು ಕೊಳ್ಳುವಾಗ ದಪ್ಪ ಮತ್ತು ಉದ್ದದ ಜೊತೆಗೆ ತಲೆಯ ಮೇಲಿನ ಸಂಖ್ಯೆಯೂ ಹಳೆಯದರಂತೆಯೇ ಇರಬೇಕು.

ಮೂರನೆಯದಾಗಿ, ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದಲೇ ತಿರುಗಿಸಿ ಹಿಡಿಸಿರಿ. ಮೊದಲ ಮೂರು ನಾಲ್ಕು ಸುತ್ತು ಬೆರಳಿಗೆ ಸಲೀಸಾಗಿ ಬಾರದಿದ್ದರೆ ಎಳೆ ಅಡ್ಡ ಹತ್ತಿದೆಯೆಂದು ತಿಳಿದು ಬಿಚ್ಚಿ ಮತ್ತೆ ಹಾಕಿರಿ. ಸ್ಪ್ಯಾನರಿನಿಂದ ಒತ್ತಾಯ ಮಾಡಬೇಡಿರಿ. ವಾಷರುಗಳು ಇದ್ದ ಜಾಗದಲ್ಲೇ ಇರಲಿ.

ನಾಲ್ಕನೆಯದಾಗಿ, ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿರಿ. ಮೊದಲ ಸುತ್ತಿನಲ್ಲಿ ಎಲ್ಲಕ್ಕೂ ಅರ್ಧ ಅಳತೆ, ಎರಡನೆಯ ಸುತ್ತಿನಲ್ಲಿ ಮುಕ್ಕಾಲು, ಮೂರನೆಯದರಲ್ಲಿ ಪೂರ್ತಿ. ಪ್ರತಿ ಸುತ್ತಿನಲ್ಲೂ ಮೂಲೆಯಿಂದ ಎದುರು ಮೂಲೆಗೆ ಹೋಗಿರಿ. ಮಂಚದ ನವಾರನ್ನು ಒಂದೇ ಪಕ್ಕದಿಂದ ಸೆಳೆದರೆ ಮಂಚ ಸೊಟ್ಟಗಾಗುವುದಿಲ್ಲವೇ? ಬಾಕ್ಸೂ ಹಾಗೆಯೇ ಒಂದು ಮಗ್ಗುಲಿಗೆ ಕೂರುತ್ತದೆ. ಕೊನೆಗೆ ಇನ್ನೊಮ್ಮೆ ಎಲ್ಲವನ್ನೂ ಅದೇ ಅಳತೆಯಲ್ಲಿ ನೋಡಿಬಿಡಿರಿ. ಮೊದಲು ಬಿಗಿದದ್ದು ಕೊನೆಯದು ಬಿಗಿಯುವಷ್ಟರಲ್ಲಿ ಸಡಿಲಾಗಿರುವುದುಂಟು. ಸಂದಿಯಲ್ಲಿರುವ ಬೋಲ್ಟಿಗೆ ಕೈ ಹೋಗದಿದ್ದರೆ ಅಡ್ಡಬರುವ ತಗಡನ್ನೋ ಬ್ಯಾಟರಿಯನ್ನೋ ತೆಗೆದು ದಾರಿ ಮಾಡಿಕೊಳ್ಳಿರಿ. ನಾವು ಆ ಸಂಜೆ ಮಾಡದೆ ಬಿಟ್ಟದ್ದು ಇದನ್ನೇ.

ಐದನೆಯದಾಗಿ, ಸ್ಟೀರಿಂಗ್ ಚಕ್ರದ ನಡುವಿನ ನಟ್ಟು. ಮುಂದಿನ ಗಾಲಿ ನೆಟ್ಟಗಿಟ್ಟು ಚಕ್ರ ಕೂರಿಸಿರಿ. ಬಿಗಿಯುವಾಗ ಒಬ್ಬರು ಚಕ್ರವನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಬೇಕು. ಚಕ್ರವನ್ನು ಒಂದು ಕೊನೆಗೆ ತಿರುಗಿಸಿ ನಿಲ್ಲಿಸಿ, ಆ ಆಧಾರದ ಮೇಲೆ ನಟ್ಟು ಬಿಗಿದರೆ ಬಲವೆಲ್ಲ ಬಾಕ್ಸಿನ ಒಳಗಿನ ಹಲ್ಲುಗಳ ಮೇಲೆ ಬೀಳುತ್ತದೆ.

ಆರನೆಯದಾಗಿ, ಡ್ರಾಪ್ ಆರ್ಮಿನ ದೊಡ್ಡ ನಟ್ಟು, ಮತ್ತು ತೋಳಿನಿಂದ ಮುಂದಿನ ಗಾಲಿಗೆ ಹೋಗುವ ಕಂಬಿಗಳ ಕೊನೆಯಲ್ಲಿರುವ ಬಾಲ್ ಜಾಯಿಂಟುಗಳ ನಟ್ಟುಗಳು. ದೊಡ್ಡ ನಟ್ಟಿಗೆ ಬಹಳ ಬಿಗಿ ಬೇಕಾಗುವುದರಿಂದ ಅದನ್ನು ಟಾರ್ಕ್ ರೆಂಚು ಇರುವ ವರ್ಕ್‌ಶಾಪಿನಲ್ಲೇ ಬಿಗಿಸತಕ್ಕದ್ದು. ಬಾಲ್ ಜಾಯಿಂಟಿನ ನಟ್ಟು ಕಿರೀಟದಂತೆ ಕಚ್ಚುಗಳುಳ್ಳದ್ದು. ಅದರಲ್ಲಿ ಸ್ಪ್ಲಿಟ್ ಪಿನ್ನು ಹಾಕಬೇಕು. ಅಳತೆಗೆ ಬಿಗಿದ ಮೇಲೆ ಕಚ್ಚು ತೂತಿಗೆ ಸರಿಯಾಗಿ ಬಾರದಿದ್ದರೆ ಮುಂದಿನ ಕಚ್ಚಿಗೆ ಬರುವಷ್ಟು ಇನ್ನೂ ಸ್ವಲ್ಪ ಬಿಗಿಯಿರಿ. ಪಿನ್ನಿಗಾಗಿ ಎಂದೂ ಹಿಂದಕ್ಕೆ ಸಡಿಲಿಸಬೇಡಿರಿ. ಪಿನ್ನು ಪ್ರತಿಸಾರಿಯೂ ಹೊಸದಿರಲಿ, ಕೊನೆಗಳನ್ನು ಎರಡು ಕಡೆಗೂ ಪೂರ್ತಿ ಬಗ್ಗಿಸಿರಿ. ನಮ್ಮ ಹಿರಿಯರು ಬಂಡಿ ಕಟ್ಟುವ ಮುಂಚೆ ಕಡಾಣಿ ನೋಡದೆ ಹೊರಡುತ್ತಿರಲಿಲ್ಲ. ಗಾಲಿಗೆ ಕಡಾಣಿ ಹೇಗೋ ಸ್ಟೀರಿಂಗಿಗೆ ಈ ಪಿನ್ನು ಹಾಗೆ. ಅದರ ಬದಲು ಮೊಳೆ ಅಥವಾ ಬೇಲಿ ತಂತಿ ಸುತ್ತುವುದು ಸಲ್ಲದು.

ಪವರ್ ಸ್ಟೀರಿಂಗ್ ಇರುವವರಿಗೆ

ಈಚಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಕಂಬದ ಬುಡದಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಘಟಕವಿರುತ್ತದೆ. ಕಂಬವನ್ನು ಅದಕ್ಕೆ ಸೇರಿಸುವ ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ, ಅಥವಾ ಒಂದು ಮಗ್ಗುಲಿಗೆ ಬಿಗಿದರೆ, ಘಟಕ ತಿಣುಕಿ ಚಕ್ರ ಬಿಗಿಯಾಗುತ್ತದೆ. ಬಿಟ್ಟಾಗ ತಾನಾಗಿ ಹಿಂದಿರುಗುವುದಿಲ್ಲ. ಇದರ ಕೊಳವೆಗಳಲ್ಲಿ ಒತ್ತಡದ ಎಣ್ಣೆ ಇರುವುದರಿಂದ ಇಂಜಿನ್ನು ನಡೆಯುತ್ತಿರುವಾಗ ಯಾವ ನಟ್ಟನ್ನೂ ಮುಟ್ಟಬಾರದು. ಸೋರಿಕೆಯನ್ನು ಬೆರಳಿಟ್ಟು ಹುಡುಕಬಾರದು. ಸೂಜಿಯಂತಹ ಎಣ್ಣೆಯ ಧಾರೆ ಚರ್ಮವನ್ನು ತೂರಬಲ್ಲದು. ರಟ್ಟಿನ ತುಂಡು ಹಿಡಿದು ನೋಡಿರಿ.

ಬಿಗಿದ ಮೇಲೆ

ಕೆಲಸ ಮುಗಿಯಿತೆಂದು ಸ್ಪ್ಯಾನರು ತೊಳೆದಿಡುವ ಮೊದಲು ಪ್ರತಿ ಬೋಲ್ಟಿನ ತಲೆಯಿಂದ ಬಾಕ್ಸಿನ ಮೈಗೆ ಸೇರುವಂತೆ ಬಿಳಿಯ ಬಣ್ಣದ ಒಂದು ಗೆರೆ ಎಳೆಯಿರಿ. ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಉಳಿದದ್ದೇ ಸಾಕು. ಬೋಲ್ಟು ಕಾಳಿನಷ್ಟು ತಿರುಗಿದರೂ ಗೆರೆ ಎರಡಾಗಿ ಕಾಣುತ್ತದೆ. ಹತ್ತು ಗಂಟೆ ಕೆಲಸವಾದ ಮೇಲೆ ಒಮ್ಮೆ, ಐವತ್ತು ಗಂಟೆಯಾದ ಮೇಲೆ ಇನ್ನೊಮ್ಮೆ ಅಳತೆಯಿಂದಲೇ ಪರೀಕ್ಷಿಸಿರಿ. ಹೊಸದಾಗಿ ಕೂಡಿಸಿದ ಭಾಗಗಳು ಕುಲುಕಿ ಕುಲುಕಿ ಕೂತು ಬಿಗಿ ಸ್ವಲ್ಪ ಇಳಿಯುವುದು ಸಹಜ.

ಪ್ರತಿದಿನ ಹೊರಡುವ ಮುನ್ನ ಮಾಡಬಹುದಾದ ಪರೀಕ್ಷೆ ಎರಡು ನಿಮಿಷದ್ದು. ಇಂಜಿನ್ನು ನಿಲ್ಲಿಸಿ ಒಬ್ಬರು ಚಕ್ರವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಬಾಕ್ಸೂ ಅದರ ಪೀಠವೂ ಸೇರುವ ಕಡೆ ಬೆರಳಿಟ್ಟು ನೋಡಲಿ. ಎರಡೂ ಬೇರೆ ಬೇರೆಯಾಗಿ ಅಲುಗಿದರೆ ಬೆರಳಿಗೆ ತಿಳಿಯುತ್ತದೆ. ಬೋಲ್ಟಿನ ಸುತ್ತ ಕುಂಕುಮದಂತಹ ಕೆಂಪು ಪುಡಿ ಕಂಡರೆ ಅಲ್ಲಿ ಉಕ್ಕು ಉಕ್ಕನ್ನು ಉಜ್ಜುತ್ತಿದೆ ಎಂದು ಅರ್ಥ. ತಿರುಗಿಸುವಾಗ ಟಕಟಕ ಸದ್ದು, ಚಕ್ರದ ಆಟ ಮೊದಲಿಗಿಂತ ಹೆಚ್ಚಾಗುವುದು, ರಸ್ತೆಯಲ್ಲಿ ಮುಂದಿನ ಗಾಲಿ ನಡುಗುವುದು, ಇವು ಎಚ್ಚರಿಕೆಯ ಗುರುತುಗಳು.

ನಮ್ಮ ಮಾವನವರಿಗೂ ಐದಾರು ದಿನ ಮೊದಲೇ ಆಟ ಗೊತ್ತಾಗಿತ್ತು. “ವೀಲು ಯಾಕೋ ಸ್ವಲ್ಪ ಆಡ್ತದೆ, ಜೋಳ ಮುಗೀಲಿ ನೋಡ್ಸನ” ಎಂದು ಮನೆಯಲ್ಲಿ ಹೇಳಿದ್ದರಂತೆ.

ಸಂದೇಹ – ಸಮಾಧಾನ

ಪ್ರಶ್ನೆ: ಬೋಲ್ಟಿನ ತಲೆಯ ಮೇಲಿನ 8.8 ಎಂದರೇನು?
ಉತ್ತರ: ಉಕ್ಕಿನ ಬಲದ ಗುರುತು. 8.8 ಎಂದಿರುವ ಬೋಲ್ಟು ಹರಿಯಲು ಒಂದು ಚದರ ಮಿಲಿಮೀಟರಿಗೆ ಸುಮಾರು 80 ಕಿಲೋ ಎಳೆತ ಬೇಕು. 4.6 ಎಂದಿರುವ ಸಾಧಾರಣ ಬೋಲ್ಟಿಗೆ ಸುಮಾರು 40 ಸಾಕು. ಹಿಗ್ಗಿ ಕೆಡುವುದಕ್ಕೆ ಇನ್ನೂ ಕಡಿಮೆ. ಗೇಟಿಗೆ, ಕೊಟ್ಟಿಗೆಯ ತಗಡಿಗೆ ಅದು ಆದೀತು, ಸ್ಟೀರಿಂಗಿಗೆ ಆಗದು. 10.9 ಎಂದಿರುವುದು 8.8ಕ್ಕಿಂತ ಬಲವಾದದ್ದು, ಅದರ ಜಾಗಕ್ಕೆ 8.8 ಹಾಕಬಾರದು. ಗುರುತೇ ಇಲ್ಲದ್ದನ್ನು ನಂಬಬಾರದು.

ಪ್ರಶ್ನೆ: ತುಕ್ಕು ಹಿಡಿಯದಿರಲೆಂದು ಎಳೆಗೆ ಗ್ರೀಸು ಹಚ್ಚಬಹುದೇ?
ಉತ್ತರ: ಕೈಪಿಡಿ ಹೇಳದಿದ್ದರೆ ಬೇಡ. ನಾವು ಹಾಕುವ ಬಲದ ಹತ್ತರಲ್ಲಿ ಒಂಬತ್ತು ಪಾಲು ಎಳೆಗಳ ಮತ್ತು ತಲೆಯ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ, ಬೋಲ್ಟನ್ನು ಹಿಗ್ಗಿಸುವುದು ಉಳಿದ ಒಂದು ಪಾಲು. ಗ್ರೀಸು ಹಚ್ಚಿದಾಗ ಉಜ್ಜಾಟ ಕಡಿಮೆಯಾಗಿ, ಅದೇ ಅಳತೆಗೆ ಬೋಲ್ಟು ಹೆಚ್ಚು ಹಿಗ್ಗಿ ಕೆಡಬಹುದು. ಬಿಗಿದ ಮೇಲೆ ಹೊರಗಡೆ ಹಚ್ಚಲು ಅಡ್ಡಿಯಿಲ್ಲ.

ಪ್ರಶ್ನೆ: ಒಳಗೆ ನೈಲಾನ್ ಬಳೆಯಿರುವ ನಟ್ಟನ್ನು ಮತ್ತೆ ಹಾಕಬಹುದೇ?
ಉತ್ತರ: ಸ್ಟೀರಿಂಗಿನಲ್ಲಿ ಬೇಡ. ಒಮ್ಮೆ ಬಿಚ್ಚಿದರೆ ಬಳೆಯ ಹಿಡಿತ ಕಡಿಮೆಯಾಗುತ್ತದೆ. ಹೊಸದು ಹಾಕಿರಿ.

ಪ್ರಶ್ನೆ: ಎಳೆ ಕೆಟ್ಟುಹೋದರೆ ವೆಲ್ಡಿಂಗ್ ಮಾಡಿಸಿದರಾಗದೇ?
ಉತ್ತರ: ಖಂಡಿತ ಆಗದು. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಂಡು, ಮುನ್ಸೂಚನೆಯಿಲ್ಲದೆ ಮುರಿಯಬಹುದು. ಸ್ಟೀರಿಂಗಿನ ಯಾವ ಭಾಗಕ್ಕೂ ಬೆಸುಗೆ ಹಾಕಿಸಬೇಡಿರಿ. ಕೆಟ್ಟ ಎಳೆಗೆ ಹೊಸ ಉಕ್ಕಿನ ಸುರುಳಿ ಕೂರಿಸುವ ವಿಧಾನವನ್ನು ಒಳ್ಳೆಯ ವರ್ಕ್‌ಶಾಪಿನವರು ಬಲ್ಲರು.

ಪ್ರಶ್ನೆ: ಮನೆಯ ಕಾರಿನ ಸ್ಟೀರಿಂಗನ್ನೂ ಹೀಗೆಯೇ ಮಾಡಬಹುದೇ?
ಉತ್ತರ: ಬಿಗಿಯ ತತ್ತ್ವ ಒಂದೇ. ಆದರೆ ಕಾರಿನ ಚಕ್ರದೊಳಗೆ ಸ್ಫೋಟದಿಂದ ಉಬ್ಬುವ ಏರ್‌ಬ್ಯಾಗು ಇರುತ್ತದೆ. ಅದನ್ನು ಮನೆಯಲ್ಲಿ ಮುಟ್ಟಬೇಡಿರಿ.

ನೀವೇ ರಿಪೇರಿ ಮಾಡದಿದ್ದರೆ

ಹೆಚ್ಚಿನವರು ಈ ಕೆಲಸವನ್ನು ಮೆಕ್ಯಾನಿಕ್ಕಿಗೆ ಒಪ್ಪಿಸುತ್ತೀರಿ, ಅದೇ ಸರಿ. ಗಾಡಿ ಹಿಂದಕ್ಕೆ ಪಡೆಯುವಾಗ ಮಾತ್ರ ಇಷ್ಟನ್ನು ಕೇಳಿರಿ. ಎಲ್ಲ ಬೋಲ್ಟುಗಳೂ ಅವೇಯೋ ಬೇರೆಯೋ? ಅಳತೆಯಿಂದ ಬಿಗಿದಿರೋ ಕೈಯಂದಾಜಿನಿಂದಲೋ? ಪಿನ್ನುಗಳು ಹೊಸವೇ? ಇಳಿಸಿದ್ದರಲ್ಲಿ ಏನಾದರೂ ಉಳಿದಿದೆಯೇ? ಒಳ್ಳೆಯ ಕೆಲಸಗಾರ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಅವನು ಬಿಗಿಯುವುದನ್ನು ಮುಗಿಸುವವರೆಗೂ ಅವಸರ ಮಾಡಬೇಡಿರಿ. ಅವನಿಗೆ ಕಾಫಿ ಕೊಟ್ಟು ಕೂರಿಸಿಕೊಂಡರೂ ನಷ್ಟವಿಲ್ಲ. ಬಾಡಿಗೆಗೆ ತಂದ ಟ್ರ್ಯಾಕ್ಟರಾದರೂ ಹೊರಡುವ ಮೊದಲು ಮೇಲೆ ಹೇಳಿದ ಎರಡು ನಿಮಿಷದ ಪರೀಕ್ಷೆ ಮಾಡಿರಿ. ಮಡ್‌ಗಾರ್ಡಿನ ಮೇಲೆ ಯಾರನ್ನೂ, ಅದರಲ್ಲೂ ಮಕ್ಕಳನ್ನು, ಕೂರಿಸಬೇಡಿರಿ.

ಹೆಚ್ಚಿಗೆ ಕಲಿಯಬೇಕೆನ್ನುವ ಯುವಕ ಯುವತಿಯರಿಗೆ ನಮ್ಮ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಟ್ರ್ಯಾಕ್ಟರು ನಡೆಸುವುದು, ನೋಡಿಕೊಳ್ಳುವುದು, ರಿಪೇರಿ ಮಾಡುವುದನ್ನು ಅಲ್ಲಿ ಹೇಳಿಕೊಡುತ್ತಾರೆ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೂ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಬಹುದು.

ಆ ನಾಲ್ಕರಲ್ಲಿ ಸಿಕ್ಕ ಮೂರು ಬೋಲ್ಟುಗಳನ್ನು ನಾನು ಬಿಸಾಡಿಲ್ಲ. ಹಳ್ಳಿಯ ಸಭೆಗಳಿಗೆ ಹೋಗುವಾಗ ಚೀಲದಲ್ಲಿಟ್ಟುಕೊಂಡು ಹೋಗುತ್ತೇನೆ. ನಿಮ್ಮೂರಿಗೆ ಬಂದಾಗ ಅವನ್ನು ಕೈಗೆ ತೆಗೆದುಕೊಂಡು ನೋಡಿರಿ. ಸ್ಪ್ರಿಂಗ್ ತ್ರಾಸನ್ನೂ ತರುತ್ತೇನೆ. ನಿಮ್ಮ ಸ್ಪ್ಯಾನರಿಗೇ ಕಟ್ಟಿ, ನಿಮ್ಮ ತೋಳಿನ ಬಲ ಎಷ್ಟು ಕಿಲೋ ಎಂಬುದನ್ನು ಅಳೆದು ನೋಡೋಣ.

— ನಿಮ್ಮ ಗ್ರಾಮಸೇವಕ